ಅಲ್ಯುಮಿನಿಯಂನ ಬಾಯಿ ಮುಚ್ಚಿಸುವುದು

ಏಪ್ರಿಲ್ ತಿಂಗಳ ನಡುಹಗಲು. ಗದಗ ಜಿಲ್ಲೆಯ ಮುಶಿಗೇರಿ ಸುತ್ತಲಿನ ಎರೆ ಹೊಲಗಳು ಬಾಯಿ ಬಿಟ್ಟುಕೊಂಡು ಮಲಗಿವೆ. ಕೆಲವು ಬಿರುಕುಗಳಲ್ಲಿ ಮೊಣಕೈವರೆಗೆ ಕೈ ಇಳಿಯುತ್ತದೆ. ಗಜೇಂದ್ರಗಡದ ಕಡೆ ಗುಡ್ಡದ ನೆತ್ತಿಯಲ್ಲಿ ಗಾಳಿಯಂತ್ರಗಳು ಮನಸ್ಸಿಲ್ಲದ ಮನಸ್ಸಿನಿಂದ ತಿರುಗುತ್ತಿವೆ. ಊರೊಳಗೆ ಹೊಸ ಮನೆಯೊಂದಕ್ಕೆ ಸುಣ್ಣ ಬಳಿಯುವ ಕೆಲಸ ನಡೆದಿದೆ. ತಾರಸಿಯ ಮೇಲೆ ಸೋಲಾರ್ ಹಲಗೆ, ಕೆಳಗೆ ಕಂದು ಬಣ್ಣದ ಸ್ಲೈಡಿಂಗ್ ಕಿಟಕಿ. ಬ್ರಷ್‌ನಿಂದ ಸಿಡಿದ ನಾಲ್ಕು ಹನಿ ಕಿಟಕಿಯ ಚೌಕಟ್ಟಿನ ಮೇಲೆ ಬಿದ್ದು ಅಲ್ಲೇ ಒಣಗುತ್ತವೆ. ಸಂಜೆ ಒದ್ದೆ ಬಟ್ಟೆಯಿಂದ ಒರೆಸಿದರೆ ಸುಣ್ಣ ಹೋಗುತ್ತದೆ, ಅದರ ಕೆಳಗಿನ ಮಾಸಲು ಕಲೆ ಹೋಗುವುದಿಲ್ಲ. ನಾಳೆಯೂ ಹೋಗುವುದಿಲ್ಲ, ಮುಂದಿನ ದೀಪಾವಳಿಗೂ ಹೋಗುವುದಿಲ್ಲ.

“ಏನೂ ಆಗೂದಿಲ್ಲ ಅಂತ ಹೇಳಿ ಕೊಟ್ಟಿದ್ರಲ್ಲ” ಎಂಬ ಮಾತು ಆಗ ಬರುತ್ತದೆ. ಕಿಟಕಿ ಮಾರಿದವರು ಸುಳ್ಳೇನೂ ಹೇಳಿರಲಿಕ್ಕಿಲ್ಲ. ಅಲ್ಯುಮಿನಿಯಂಗೆ ಕಬ್ಬಿಣದ ಹಾಗೆ ತುಕ್ಕು ಹಿಡಿಯುವುದಿಲ್ಲ, ನಿಜ. ಆದರೆ ಬಿಸಿಲು ಮಳೆಗೆ ಒಡ್ಡಿದ ಅಲ್ಯುಮಿನಿಯಂ ಹತ್ತು ವರ್ಷ ಬಾಳುತ್ತದೋ ಮೂವತ್ತು ವರ್ಷ ಬಾಳುತ್ತದೋ ಎಂಬುದು ಲೋಹದ ಮೇಲಲ್ಲ, ಅದರ ಚರ್ಮದ ಮೇಲೆ ನಿಂತಿದೆ. ಆ ಚರ್ಮಕ್ಕೆ ಕಾರ್ಖಾನೆಯಲ್ಲಿ ಕೊನೆಗೆ ಮಾಡುವ ಒಂದು ಕೆಲಸವಿದೆ. ಕೊಳ್ಳುವವರ ಕಣ್ಣಿಗೆ ಬೀಳದ, ಯಾರೂ ಕೇಳದ ಕೆಲಸ ಅದು.

ಜರ್ಮನ್ ಪಾತ್ರೆಯ ಪಾಠ

ಉತ್ತರ ಕರ್ನಾಟಕದ ಅಡುಗೆಮನೆಗೆ ಅಲ್ಯುಮಿನಿಯಂ ಬಂದದ್ದು ‘ಜರ್ಮನ್ ಪಾತ್ರೆ’ಯ ಹೆಸರಿನಲ್ಲಿ. ಅದರ ಸ್ವಭಾವ ನಮ್ಮ ಅಜ್ಜಿಯರಿಗೆ ರಸಾಯನಶಾಸ್ತ್ರ ಓದದೆಯೇ ಗೊತ್ತಿತ್ತು. ಬೋರಿನ ನೀರು ಕಾಯಿಸಿ ಕಾಯಿಸಿ ಕಪ್ಪಾದ ಬೋಗುಣಿಯಲ್ಲಿ ಒಂದು ದಿನ ಹುಣಸೆಹುಳಿಯ ಸಾರು ಕುದಿಸಿದರೆ ಒಳಮೈ ಬೆಳ್ಳಗಾಗುತ್ತದೆ. ಒಲೆಯ ಬೂದಿ ಹಾಕಿ ತಿಕ್ಕಿದರೆ ಹೊಳಪು ಬರುತ್ತದೆ, ಆದರೆ ಪಾತ್ರೆ ವರ್ಷವರ್ಷಕ್ಕೆ ತೆಳುವಾಗುತ್ತದೆ.

ಕಾರಣ ಇಷ್ಟೇ. ಅಲ್ಯುಮಿನಿಯಂ ಗಾಳಿ ತಾಗಿದ ಕ್ಷಣವೇ ಆಮ್ಲಜನಕದೊಡನೆ ಸೇರಿ ತನ್ನ ಮೇಲೊಂದು ಪೊರೆ ಹೆಣೆದುಕೊಳ್ಳುತ್ತದೆ. ಕಬ್ಬಿಣದ ತುಕ್ಕು ಉದುರುತ್ತದೆ, ಉದುರಿದ ಜಾಗದಲ್ಲಿ ಮತ್ತೆ ತುಕ್ಕು ಹುಟ್ಟುತ್ತದೆ. ಅಲ್ಯುಮಿನಿಯಂನ ಪೊರೆ ಉದುರದೆ ಅಂಟಿಕೊಂಡು ಒಳಗಿನ ಲೋಹವನ್ನು ಕಾಯುತ್ತದೆ. ಆದರೆ ಅದರ ದಪ್ಪ ಎರಡರಿಂದ ನಾಲ್ಕು ನ್ಯಾನೊಮೀಟರ್, ಅಂದರೆ ಮಿಲಿಮೀಟರಿನ ಹತ್ತು ಲಕ್ಷ ಭಾಗಗಳಲ್ಲಿ ಎರಡೋ ನಾಲ್ಕೋ ಭಾಗ. ಬೂದಿಯ ಕ್ಷಾರ ಅದನ್ನು ಕರಗಿಸಿಬಿಡುತ್ತದೆ; ಬೇರೆ ಪೊರೆ ಹುಟ್ಟುವಷ್ಟರಲ್ಲಿ ಒಂದಿಷ್ಟು ಲೋಹ ಖರ್ಚಾಗಿರುತ್ತದೆ.

ಹುಟ್ಟುಪೊರೆ ಸಾಲದಾದಾಗ ಅದನ್ನೇ ಸಾವಿರಾರು ಪಟ್ಟು ದಪ್ಪಗೆ ಬೆಳೆಸುವ ವಿದ್ಯೆಯ ಹೆಸರು ಅನೊಡೈಸಿಂಗ್. ಬ್ರಿಟನ್ನಿನಲ್ಲಿ 1923ರಲ್ಲಿ ಇದು ದೊಡ್ಡ ಪ್ರಮಾಣದಲ್ಲಿ ಬಳಕೆಗೆ ಬಂತು. ಅವರ ಚಿಂತೆ ಕಿಟಕಿಯದಲ್ಲ, ಸಮುದ್ರದ ಮೇಲೆ ಇಳಿಯುವ ವಿಮಾನಗಳದು: ಉಪ್ಪುನೀರು ಅವುಗಳ ಮೈಯನ್ನು ತಿನ್ನುತ್ತಿತ್ತು. ಮೊದಲ ವಿಧಾನದಲ್ಲಿ ಬಳಸುತ್ತಿದ್ದುದು ಕ್ರೋಮಿಕ್ ಆಮ್ಲ. 1927ರಲ್ಲಿ ಗೋವರ್ ಮತ್ತು ಓಬ್ರಿಯನ್ ಎಂಬಿಬ್ಬರು ಗಂಧಕಾಮ್ಲದ ವಿಧಾನಕ್ಕೆ ಪೇಟೆಂಟ್ ಪಡೆದರು. ಇವತ್ತು ಬೆಂಗಳೂರಿನ ಪೀಣ್ಯದ ಸಣ್ಣ ಘಟಕಗಳಲ್ಲಿ ಮಾಡುವುದೂ ಹೆಚ್ಚುಕಡಿಮೆ ಅದನ್ನೇ.

ಅಂಗಿಯಲ್ಲ, ಚರ್ಮ

ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವುದನ್ನು ನೋಡಿದವರಿಗೆ ವ್ಯತ್ಯಾಸ ಬೇಗ ಹೊಳೆಯುತ್ತದೆ. ಕಲಾಯಿಯಲ್ಲಿ ತವರ ಹೊರಗಿನಿಂದ ಬಂದು ಮೇಲೆ ಕೂರುತ್ತದೆ. ಅದು ಅಂಗಿ. ಬಣ್ಣವೂ ಅಂಗಿಯೇ, ಪೌಡರ್ ಕೋಟಿಂಗೂ ಅಂಗಿಯೇ. ಅನೊಡೈಸಿಂಗ್ ಮಾತ್ರ ಚರ್ಮ: ಲೋಹ ತನ್ನ ಮೈಯಿಂದಲೇ ಬೆಳೆಸಿಕೊಂಡದ್ದು. ಆದ್ದರಿಂದ ಅದು ಸಿಪ್ಪೆಯಂತೆ ಏಳುವುದಿಲ್ಲ.

ನೀರಿಗೆ ಸುಮಾರು ನೂರಕ್ಕೆ ಹದಿನೈದು ಪಾಲು ಗಂಧಕಾಮ್ಲ ಬೆರೆಸಿದ ತೊಟ್ಟಿ. ಅದರ ಬಿಸಿ 20 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲಬೇಕು. ನಮ್ಮ ಬೇಸಿಗೆಯಲ್ಲಿ ಇದಕ್ಕೆ ತಂಪುಯಂತ್ರವೇ ಬೇಕು. ತೊಳೆದು ಸ್ವಚ್ಛ ಮಾಡಿದ ಚೌಕಟ್ಟಿನ ಪಟ್ಟಿಗಳನ್ನು, ಅಂದರೆ ಅಲ್ಯುಮಿನಿಯಂ ಸೆಕ್ಷನ್‌ಗಳನ್ನು ಅದರಲ್ಲಿ ಇಳಿಬಿಟ್ಟು, ವಿದ್ಯುತ್ತಿನ ಧನ ತುದಿಗೆ ಕಟ್ಟಿ, 12ರಿಂದ 20 ವೋಲ್ಟಿನ ವಿದ್ಯುತ್ ಹರಿಸುತ್ತಾರೆ. ನೀರಿನ ಆಮ್ಲಜನಕ ಲೋಹದ ಮೈಗೆ ನುಗ್ಗಿ ಅದನ್ನು ಆಕ್ಸೈಡ್ ಆಗಿ ಬದಲಿಸುತ್ತ ಹೋಗುತ್ತದೆ. ಹೊಸ ಚರ್ಮದ ಹೆಚ್ಚಿನ ಪಾಲು ಲೋಹದ ಒಳಕ್ಕೇ ಬೆಳೆಯುತ್ತದೆ, ಉಳಿದದ್ದು ಹೊರಕ್ಕೆ. ಅರ್ಧ ಗಂಟೆಯ ಸುಮಾರಿಗೆ 15 ಮೈಕ್ರಾನ್ ಸಿಗುತ್ತದೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ; ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ.

ಈ ಚರ್ಮ ಯಾವ ವಸ್ತು? ಬೆಳಗಾವಿಯ ಹಿಂಡಾಲ್ಕೊ ಕಾರ್ಖಾನೆಯಲ್ಲಿ ಬಾಕ್ಸೈಟ್ ಅದಿರಿನಿಂದ ತೆಗೆಯುವ ಬಿಳಿ ಪುಡಿ ಅಲ್ಯುಮಿನಾ ಇದೆಯಲ್ಲ, ಮೂಲದಲ್ಲಿ ಅದೇ. ಮಾಣಿಕ್ಯವೂ ನೀಲವೂ ಅದರದೇ ಹರಳುಗಳು. ಆದ್ದರಿಂದ ಅನೊಡೈಸ್ ಆದ ಮೈ ಉಕ್ಕಿನ ಚಾಕುವಿಗೂ ಸುಲಭಕ್ಕೆ ಬಗ್ಗದಷ್ಟು ಗಡುಸು.

ಆರೂವರೆ ಇಂಚಿನ ಬೋರು

ಇಷ್ಟು ಗಟ್ಟಿ ಇದ್ದರೂ ಒಂದು ದೋಷವಿದೆ. ಚರ್ಮ ಬೆಳೆಯುವಾಗ ಆಮ್ಲ ಅದನ್ನು ಅಲ್ಲಲ್ಲಿ ಕೊರೆಯುತ್ತಲೂ ಇರುತ್ತದೆ. ಈ ಕೊರೆತ ಇಲ್ಲದಿದ್ದರೆ ವಿದ್ಯುತ್ ಒಳಗೆ ಹೋಗುವ ದಾರಿ ಮುಚ್ಚಿ ಚರ್ಮ ಬೆಳೆಯುವುದೇ ನಿಂತುಹೋಗುತ್ತಿತ್ತು. ಹೀಗಾಗಿ ಕೊನೆಗೆ ಸಿಗುವುದು ಜೇನುಹಟ್ಟಿಯಂಥ ರಚನೆ: ಪ್ರತಿ ಕೋಶದ ನಡುವೆ ನೆಟ್ಟಗೆ ಇಳಿದ ಒಂದು ರಂಧ್ರ. ಒಂದು ಚದರ ಸೆಂಟಿಮೀಟರಿನಲ್ಲಿ ಇಂಥವು ಸಾವಿರಾರು ಕೋಟಿ. 1953ರಲ್ಲಿ ಅಮೆರಿಕದ ಅಲ್ಕೋವಾ ಕಂಪನಿಯ ಸಂಶೋಧಕರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ನೆರವಿನಿಂದ ಈ ಜೇನುಹಟ್ಟಿಯ ಚಿತ್ರಣ ಕೊಟ್ಟರು.

ರಂಧ್ರದ ಅಗಲ ಸುಮಾರು 15 ನ್ಯಾನೊಮೀಟರ್, ಆಳ 15 ಮೈಕ್ರಾನ್. ಅಗಲದ ಸಾವಿರ ಪಟ್ಟು ಆಳ. ಈ ಅಳತೆ ನಮಗೆ ಅಪರಿಚಿತವೇನಲ್ಲ. ಆರೂವರೆ ಇಂಚಿನ ಬೋರ್‌ವೆಲ್ಲನ್ನು 540 ಅಡಿ ಇಳಿಸಿದರೆ ಬರುವ ಪ್ರಮಾಣ ಹೆಚ್ಚುಕಡಿಮೆ ಇದೇ. ಗದಗ ಜಿಲ್ಲೆಯ ರೈತರಿಗೆ ಅಂಥ ಬೋರಿನ ಚಿತ್ರ ಬಿಡಿಸಿ ತೋರಿಸಬೇಕಾಗಿಲ್ಲ. ಹೊಸದಾಗಿ ಅನೊಡೈಸ್ ಆದ ಕಿಟಕಿಯೆಂದರೆ ಮುಚ್ಚಳವಿಲ್ಲದ ಕೋಟಿ ಕೋಟಿ ಬೋರುಗಳ ಹೊಲ.

ಈ ತೆರೆದ ಬಾಯಿಗಳಿಂದ ಒಂದು ಲಾಭವಿದೆ. ಅವುಗಳೊಳಗೆ ಬಣ್ಣ ಇಳಿಸಬಹುದು. ನಾಮಫಲಕಗಳ ಚಿನ್ನದ ಬಣ್ಣ, ಕೆಂಪು, ನೀಲಿ ಎಲ್ಲ ಬಟ್ಟೆಗೆ ಹಾಕುವಂಥ ಬಣ್ಣಗಳೇ, ರಂಧ್ರದಲ್ಲಿ ನೆಲೆಸಿದವು. ಆದರೆ ಎಲ್ಲವೂ ಬಿಸಿಲು ತಡೆಯುವುದಿಲ್ಲ. ನಾನೇ ಒಮ್ಮೆ ಒಂದು ಅಂಗಡಿಯಲ್ಲಿ ನೇರಳೆ ಬಣ್ಣದ ನಾಮಫಲಕ ಮಾಡಿಸಿ ಪಡುವಣ ಗೋಡೆಗೆ ಹೊಡೆಸಿದ್ದೆ. ಎರಡು ಬೇಸಿಗೆಗೆ ಅದು ತೊಳೆದ ಲಂಗದ ಬಣ್ಣಕ್ಕೆ ತಿರುಗಿತು. ಕಿಟಕಿಗಳ ಕಂದು, ಕಪ್ಪು ಹಾಗಲ್ಲ. ಅಲ್ಲಿ ವಿದ್ಯುತ್ತಿನಿಂದ ತವರದ ಕಣಗಳನ್ನೇ ರಂಧ್ರದ ತಳಕ್ಕೆ ಇಳಿಸುತ್ತಾರೆ. ಲೋಹದ ಕಣ ಬಿಸಿಲಿಗೆ ಬಿಳಿಚುವುದಿಲ್ಲ. ಹೊರಗಿಡುವ ವಸ್ತುವಿಗೆ ಬಣ್ಣ ಆರಿಸುವಾಗ ಗಾಢ ಕಂದನ್ನು ನಂಬಬಹುದು, ಹೋಳಿ ಬಣ್ಣಗಳನ್ನು ನಂಬುವ ಮೊದಲು ವಿಚಾರಿಸಬೇಕು.

ಬಣ್ಣ ಇಳಿಯುವ ಬಾಯಿಗೆ ಕೊಳೆಯೂ ಇಳಿಯುತ್ತದೆ, ಉಪ್ಪೂ ಇಳಿಯುತ್ತದೆ, ಸುಣ್ಣದ ನೀರೂ ಇಳಿಯುತ್ತದೆ. ಅದನ್ನು ಮುಚ್ಚಲೇಬೇಕು.

ಮಾಳಿಗೆಯ ಮೇಲಿನ ಸವಳು ಮಣ್ಣು

ಮುಚ್ಚುವುದು ಯಾವುದರಿಂದ ಎಂದು ಕೇಳಿದರೆ ಬರುವ ಉತ್ತರ ಮೊದಲ ಸಲ ನನಗೂ ನಂಬಿಕೆಗೆ ಬರಲಿಲ್ಲ: ಬರೀ ನೀರಿನಿಂದ. ಮೇಣ ಬೇಡ, ಅಂಟು ಬೇಡ. ಕುದಿಯುವ ಶುದ್ಧ ನೀರಿನಲ್ಲಿ ಮುಳುಗಿಸಿಟ್ಟರೆ ಸಾಕು. ಹೀಗೆ ಬಾಯಿ ಮುಚ್ಚುವುದಕ್ಕೇ ಸೀಲಿಂಗ್ ಎನ್ನುತ್ತಾರೆ.

ಆಮೇಲೆ ನೆನಪಾದದ್ದು ನಮ್ಮ ಕಡೆಯ ಮಣ್ಣಿನ ಮಾಳಿಗೆ ಮನೆಗಳು. ಜಂತಿಯ ಮೇಲೆ ಹಲಗೆ ಅಥವಾ ಕಟ್ಟಿಗೆ, ಅದರ ಮೇಲೆ ಹದವಾದ ಮಣ್ಣು, ಎಲ್ಲಕ್ಕೂ ಮೇಲೆ ಸವಳು ಮಣ್ಣಿನ ಒಂದು ಹಾಸು. ಬೆಳೆಗೆ ಬೇಡವಾದ ಆ ಮಣ್ಣನ್ನು ಹುಡುಕಿಕೊಂಡು ಹೋಗಿ ಚಕ್ಕಡಿಯಲ್ಲಿ ಹೇರಿ ತರುತ್ತಿದ್ದರು. ಮೊದಲ ಮಳೆ ಬಿದ್ದ ಕೂಡಲೇ ಅದು ನೀರು ಹೀರಿ ಉಬ್ಬಿ, ಕಣಗಳ ನಡುವಿನ ಸಂದುಗಳನ್ನು ತಾನೇ ಬಿಗಿದುಬಿಡುತ್ತದೆ. ಅದರ ಹಿಂದೆಯೇ ಬರುವ ಮಳೆಗೆ ಒಳಗಿಳಿಯಲು ದಾರಿ ಇರುವುದಿಲ್ಲ. ಸೋರಿಕೆಯನ್ನು ನೀರಿನಿಂದಲೇ ತಡೆದ ಜನ ನಾವು.

ಅನೊಡೈಸ್ ಆದ ಚರ್ಮದಲ್ಲೂ ಆಗುವುದು ಇದೇ. ಕುದಿನೀರು ರಂಧ್ರದ ಗೋಡೆಯ ಆಕ್ಸೈಡಿನೊಡನೆ ಸೇರಿ ಬೋಹ್ಮೈಟ್ ಎಂಬ ಹೊಸ ಖನಿಜವಾಗುತ್ತದೆ. ಅದು ಮೊದಲಿದ್ದದ್ದಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಗೋಡೆಗಳು ಉಬ್ಬಿ ರಂಧ್ರದ ಬಾಯಿ ಕೂಡಿಕೊಳ್ಳುತ್ತದೆ. ಬೋಹ್ಮೈಟ್ ಬಾಕ್ಸೈಟ್ ಅದಿರಿನಲ್ಲೂ ಇರುವಂಥದ್ದು. ಗಣಿಯಿಂದ ಎತ್ತಿ, ಅಪಾರ ವಿದ್ಯುತ್ ಸುಟ್ಟು ಬೇರ್ಪಡಿಸಿದ ಲೋಹದ ಮೇಲ್ಮೈಯನ್ನು ಕೊನೆಯ ಹಂತದಲ್ಲಿ ಅದಿರಿನ ಕಡೆಗೇ ಒಂದು ಹೆಜ್ಜೆ ಹಿಂದಕ್ಕೆ ಕಳಿಸಿದಂತಾಯಿತು.

ಎರೆ ಹೊಲದ ಬಿರುಕೂ ಮಳೆಗೆ ಮುಚ್ಚುತ್ತದೆ, ಆದರೆ ಬೇಸಿಗೆಗೆ ಮತ್ತೆ ಬಾಯಿ ಬಿಡುತ್ತದೆ. ಮಾಳಿಗೆಗೂ ಮುಂಗಾರಿಗೆ ಮುಂಚೆ ಪ್ರತಿ ವರ್ಷ ಮಣ್ಣು ಏರಿಸಬೇಕು. ಬೋಹ್ಮೈಟ್ ಮಾತ್ರ ಒಮ್ಮೆ ಕೂಡಿಕೊಂಡರೆ ಸಾಮಾನ್ಯ ಬಿಸಿಲಿಗೆ ತೆರೆದುಕೊಳ್ಳುವುದಿಲ್ಲ.

ಕೆಲಸ ಸರಳ ಅನ್ನಿಸಬಹುದು, ಆದರೆ ಕದಿಯಲು ಬಹಳ ಸುಲಭವಾದ ಹಂತವೂ ಇದೇ. ನೀರು 96 ಡಿಗ್ರಿಗಿಂತ ಕೆಳಗಿಳಿಯಬಾರದು. ಮೈಕ್ರಾನ್ ಒಂದಕ್ಕೆ ಸುಮಾರು ಮೂರು ನಿಮಿಷದ ಲೆಕ್ಕ; 15 ಮೈಕ್ರಾನಿಗೆ ಮುಕ್ಕಾಲು ಗಂಟೆ, 25ಕ್ಕೆ ಒಂದೂಕಾಲು ಗಂಟೆ. ಅಷ್ಟು ಹೊತ್ತು ಇಡೀ ತೊಟ್ಟಿ ಕುದಿಸಲು ಇಂಧನ ಬೇಕು. ನೀರೋ ಬೋರಿನದಾದರೆ ನಡೆಯುವುದಿಲ್ಲ. ಅದರ ಸಿಲಿಕೇಟ್, ಫಾಸ್ಫೇಟ್‌ಗಳು ಲೀಟರಿಗೆ ಕೆಲವೇ ಮಿಲಿಗ್ರಾಂ ಇದ್ದರೂ ಬೋಹ್ಮೈಟ್ ಕಟ್ಟಿಕೊಳ್ಳಲು ಬಿಡುವುದಿಲ್ಲ. ಸುಣ್ಣದಂಶ ಮೇಲೆ ಬೂದಿಯಂತೆ ಕೂರುತ್ತದೆ. ಹತ್ತು ನಿಮಿಷ ಅದ್ದಿ ತೆಗೆದ ಸೆಕ್ಷನ್ನೂ ಪೂರ್ತಿ ಸಮಯ ಕುದಿಸಿದ ಸೆಕ್ಷನ್ನೂ ಅಂಗಡಿಯಲ್ಲಿ ಒಂದೇ ಥರ ಹೊಳೆಯುತ್ತವೆ. ಬೇರೆಯಾಗಿ ಕಾಣುವುದು ಮೂರನೆಯ ಮಳೆಗಾಲಕ್ಕೆ.

ಇಂಧನ ಉಳಿಸುವ ಪ್ರಾಮಾಣಿಕ ದಾರಿಗಳೂ ಇವೆ. ನಿಕಲ್ ಅಸಿಟೇಟ್ ಸೇರಿಸಿದರೆ ನೀರು ಕುದಿಯಬೇಕಾಗಿಲ್ಲ. ನಿಕಲ್ ಫ್ಲೋರೈಡ್ ಬಳಸುವ ‘ತಣ್ಣನೆಯ ಸೀಲಿಂಗ್’ 30 ಡಿಗ್ರಿಯ ಒಳಗೇ ನಡೆಯುತ್ತದೆ, ಆದರೆ ಪೂರ್ತಿ ಬಿಗಿಯಾಗಲು ಒಂದು ದಿನ ಬಿಡಬೇಕು. ನಿಕಲ್ ಮಾತ್ರ ಮನುಷ್ಯರ ಚರ್ಮಕ್ಕೂ ನೀರಿಗೂ ಒಳ್ಳೆಯದಲ್ಲ. ತ್ಯಾಜ್ಯ ಶುದ್ಧಿ ಮಾಡದ ಘಟಕದ ಪಕ್ಕದ ಹಳ್ಳಕ್ಕೆ ಅದು ಸೇರುತ್ತದೆ.

ಮುಚ್ಚಿದ ಬಾಯಿಗೆ ಬಣ್ಣ ಹತ್ತದು

ಜನ ಹೆಚ್ಚು ಎಡವುವುದು ಇಲ್ಲಿ. ಸೀಲಿಂಗ್ ಒಂದು ರಕ್ಷಣೆ, ಅದರ ಮೇಲೆ ಪೇಂಟ್ ಇನ್ನೊಂದು ರಕ್ಷಣೆ, ಎರಡೂ ಇದ್ದರೆ ಇಮ್ಮಡಿ ಗಟ್ಟಿ ಎಂದು ಲೆಕ್ಕ ಹಾಕುತ್ತಾರೆ. ಹಾಗಾಗುವುದಿಲ್ಲ. ಪೇಂಟ್ ಅಥವಾ ಲ್ಯಾಕರ್ ಹಿಡಿದು ನಿಲ್ಲುವುದೇ ತೆರೆದ ರಂಧ್ರಗಳಲ್ಲಿ ಬೇರು ಇಳಿಸಿ. ಬಾಯಿ ಮುಚ್ಚಿದ ನುಣುಪು ಮೈಗೆ ಅದು ಹಾಳೆಯಂತೆ ಕೂತು, ಒಂದೆರಡು ವರ್ಷದಲ್ಲಿ ಹಾಳೆಯಂತೆಯೇ ಎದ್ದು ಬರುತ್ತದೆ.

ಹೊಸ ವಸ್ತುವಿಗೆ ದಾರಿ ಎರಡು. ಬರಿಯ ಅನೊಡೈಸಿಂಗ್ ಸಾಕೆಂದರೆ ಚರ್ಮ ದಪ್ಪಗಿರಲಿ, ಪೂರ್ತಿ ಸೀಲ್ ಆಗಲಿ. ಮೇಲೆ ಲೇಪ ಬೇಕೆಂದರೆ ಚರ್ಮ ತೆಳುವಾಗಿರಲಿ, ಸೀಲ್ ಮಾಡದೆ ತೊಳೆದು ಒಣಗಿಸಿ ಲೇಪವನ್ನೇ ಮುಚ್ಚಳವಾಗಿಸಲಿ. ಜಪಾನಿನಲ್ಲಿ 1960ರ ದಶಕದಿಂದ ಕಿಟಕಿಗಳಿಗೆ ಈ ಎರಡನೆಯ ದಾರಿ ರೂಢಿ: 9 ಮೈಕ್ರಾನ್ ಆಸುಪಾಸಿನ ಚರ್ಮ, ಅದರ ಮೇಲೆ ವಿದ್ಯುತ್ತಿನಿಂದಲೇ ಕೂರಿಸಿದ ಪಾರದರ್ಶಕ ಅಕ್ರಿಲಿಕ್. ಸಮುದ್ರ ಸುತ್ತುವರಿದ ದೇಶಕ್ಕೆ ಅದು ಸರಿ. ನಮ್ಮ ಕಾರವಾರ, ಮಂಗಳೂರಿನ ಮನೆಗಳಿಗೂ ಯೋಚಿಸಬೇಕಾದದ್ದೇ.

ಈಗಾಗಲೇ ಸೀಲ್ ಆಗಿ ಹಳತಾದ ಕಿಟಕಿಗೆ ಬಣ್ಣ ಹೊಡೆಯಲೇಬೇಕಿದ್ದರೆ ಶ್ರಮ ಹೆಚ್ಚು. ಸೌಮ್ಯ ಸೋಪಿನಿಂದ ತೊಳೆದು, ಸಣ್ಣ ತರಿಯ ಪ್ಯಾಡಿನಿಂದ ಇಡೀ ಮೈ ಉಜ್ಜಿ ಹೊಳಪು ಮುರಿದು, ಎಣ್ಣೆಯ ಪಸೆ ತೆಗೆದು, ಅಲ್ಯುಮಿನಿಯಂಗೆ ಹೊಂದುವ ಪ್ರೈಮರ್ ಬಳಿದು, ಆಮೇಲೆ ಬಿಸಿಲು ತಡೆಯುವ ಪಾಲಿಯುರೆಥೇನ್ ಲೇಪ. ಇದರಲ್ಲಿ ಉಜ್ಜುವ ಕೆಲಸ ತಪ್ಪಿಸಿದರೆ ಉಳಿದದ್ದೆಲ್ಲ ದಂಡ. ಬಣ್ಣವೇನೂ ಬೇಡ, ಮಂಕಾಗದಿದ್ದರೆ ಸಾಕು ಅನ್ನುವವರು ಕಾರಿಗೆ ಹಚ್ಚುವ ಮೇಣವನ್ನು ವರ್ಷಕ್ಕೊಮ್ಮೆ ತಿಕ್ಕಿದರೂ ನಡೆಯುತ್ತದೆ.

ಒಣ ನಾಡಿನ ಶತ್ರುಗಳು

ಅನೊಡೈಸಿಂಗ್ ಕುರಿತ ಪುಸ್ತಕಗಳು ಉಪ್ಪುಗಾಳಿಯ ಬಗ್ಗೆಯೇ ಹೆಚ್ಚು ಹೇಳುತ್ತವೆ. ಮುಶಿಗೇರಿಯಿಂದ ಕಡಲು ನೇರ ಲೆಕ್ಕದಲ್ಲೇ 200 ಕಿಲೋಮೀಟರಿಗೂ ದೂರ, ಮಳೆಯೋ ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು. ಇಲ್ಲಿನ ವೈರಿಗಳು ಬೇರೆ.

ಮೊದಲನೆಯದು ಸುಣ್ಣ ಮತ್ತು ಹಸಿ ಸಿಮೆಂಟು. ಎಷ್ಟೇ ಚೆನ್ನಾಗಿ ಸೀಲ್ ಆಗಿದ್ದರೂ ಈ ಚರ್ಮ ತೀಕ್ಷ್ಣ ಕ್ಷಾರವನ್ನೂ ತೀಕ್ಷ್ಣ ಆಮ್ಲವನ್ನೂ ತಾಳಲಾರದು. ಹನಿ ಬಿದ್ದಲ್ಲಿ ಚರ್ಮವೇ ಕರಗಿರುತ್ತದೆ. ಕಾಣುವ ಕಲೆ ಅಂಟಿದ ಕೊಳೆಯಲ್ಲ, ಆದ ಗಾಯ. ಗೃಹಪ್ರವೇಶದ ಹಿಂದಿನ ದಿನ ಟೈಲ್ಸ್ ತೊಳೆಯಲು ಸುರಿಯುವ ‘ಆಸಿಡ್’ ಇದರ ತಮ್ಮ. ಅದರ ಹೊಗೆ ಮುಚ್ಚಿದ ಕೋಣೆಯಲ್ಲಿ ತುಂಬಿಕೊಂಡರೂ ಕಿಟಕಿಯ ಮೈ ಚುಕ್ಕೆ ಚುಕ್ಕೆಯಾಗುತ್ತದೆ. ಸೆಕ್ಷನ್ ಮೇಲೆ ಅಂಟಿಸಿ ಬರುವ ಪ್ಲಾಸ್ಟಿಕ್ ಪಟ್ಟಿ ಇರುವುದು ಇದಕ್ಕಾಗಿಯೇ. ಆದರೆ ಅದನ್ನು ವರ್ಷಗಟ್ಟಲೆ ಬಿಸಿಲಿಗೆ ಬಿಟ್ಟರೆ ಅಂಟು ಬೆಂದು ಕೂತು ಬೇರೆಯದೇ ತಲೆನೋವು.

ಎರಡನೆಯದು ಹೊಲದಿಂದ ಬರುತ್ತದೆ. ದಾಳಿಂಬೆಗೆ ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತವೂ ಇದೆ, ಸುಣ್ಣವೂ ಇದೆ. ತಾಮ್ರ ಅಲ್ಯುಮಿನಿಯಂಗೆ ಹುಟ್ಟುವೈರಿ. ಸಿಂಪಡಣೆಯ ತುಂತುರು ಗಾಳಿಗೆ ಹಾರಿ ಪಂಪ್‌ಸೆಟ್ಟಿನ ಸೋಲಾರ್ ಚೌಕಟ್ಟಿನ ಮೇಲೆ ಕೂತರೆ ಚರ್ಮ ತೆಳುವಾದ ಕಡೆ ಸೂಜಿಮೊನೆಯಂಥ ಗುಳಿಗಳು ಬೀಳುತ್ತವೆ. ಬರಿಯ ತಾಮ್ರದ ಅರ್ಥಿಂಗ್ ತಂತಿಯನ್ನು ನೇರ ಚೌಕಟ್ಟಿಗೆ ಬಿಗಿದರೂ ತೇವವಿದ್ದಾಗ ಇದೇ ಕಥೆ.

ಅರ್ಥಿಂಗ್ ಎಂದಾಗ ಇನ್ನೊಂದು ಮಾತು ಹೇಳಲೇಬೇಕು. 2024ರ ಫೆಬ್ರುವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯ ನಂತರ ಹಳ್ಳಿಗಳ ತಾರಸಿಗೂ ಸೋಲಾರ್ ಹಲಗೆಗಳು ಏರುತ್ತಿವೆ. ಅವುಗಳ ಚೌಕಟ್ಟು ಅನೊಡೈಸ್ ಆದ ಅಲ್ಯುಮಿನಿಯಂ. ಅಲ್ಯುಮಿನಿಯಂ ವಿದ್ಯುತ್ತಿಗೆ ಒಳ್ಳೆಯ ವಾಹಕ, ಆದರೆ ಅದರ ಈ ಚರ್ಮ ಅವಾಹಕ. ಬೋಲ್ಟ್ ಎಷ್ಟು ಬಿಗಿದರೂ ಚರ್ಮದ ಮೇಲೆ ಕೂತರೆ ಅರ್ಥಿಂಗ್ ಇದ್ದೂ ಇಲ್ಲದಂತೆ. ಚರ್ಮ ಸೀಳಿ ಲೋಹ ಮುಟ್ಟುವ ಹಲ್ಲುಳ್ಳ ವಾಷರ್, ಅದೂ ತುಕ್ಕುರಹಿತ ಉಕ್ಕಿನದು, ಬೇಕೇ ಬೇಕು. ಮಲ್ಟಿಮೀಟರಿನ ಎರಡು ಮೊನೆಗಳನ್ನು ಹೊಸ ಚೌಕಟ್ಟಿನ ಮೇಲೆ ಮೆಲ್ಲಗೆ ಇಟ್ಟು ನೋಡಿದರೆ ವಿದ್ಯುತ್ ಹರಿಯದಿರುವುದು ತಿಳಿಯುತ್ತದೆ. ಕಾಣದ ಚರ್ಮ ಅಲ್ಲಿ ಇದೆ ಎಂಬುದಕ್ಕೆ ಅದೇ ಸಾಕ್ಷಿ.

ಮೂರನೆಯ ವೈರಿ ಹಲಗೆ ತೊಳೆಯುವ ಬೋರಿನ ಗಡಸು ನೀರು. ಬಿಸಿಲಿನಲ್ಲಿ ಕಾದ ಗಾಜಿನ ಮೇಲೆ ಸುರಿದರೆ ನೀರು ಆರಿ ಬಿಳಿ ಗೆರೆಗಳಷ್ಟೇ ಉಳಿಯುತ್ತವೆ, ಚೌಕಟ್ಟಿನ ಮೂಲೆಗಳಲ್ಲಿ ಪದರಗಟ್ಟುತ್ತವೆ. ಅದನ್ನು ಕೀಳಲು ಮತ್ತೆ ಆಸಿಡ್ ಹುಡುಕುವವರಿದ್ದಾರೆ. ನಸುಕಿನಲ್ಲಿ, ಹಲಗೆ ತಣ್ಣಗಿರುವಾಗ, ಕೂಡಿಟ್ಟ ಮಳೆನೀರಿನಿಂದ ತೊಳೆದರೆ ಈ ಪ್ರಶ್ನೆಯೇ ಬರುವುದಿಲ್ಲ.

ಶಾಯಿಯ ಒಂದು ಹನಿ

ಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ ಬಣ್ಣದ್ದಲ್ಲ, ಮೈಕ್ರಾನಿನದು. ಭಾರತೀಯ ಮಾನಕ ಐಎಸ್ 1868 ಈ ಚರ್ಮವನ್ನು ದಪ್ಪದ ಮೇಲೆಯೇ ವರ್ಗ ಮಾಡುತ್ತದೆ. ಮನೆಯೊಳಗಿನ ಫೋಟೊ ಚೌಕಟ್ಟಿಗೆ 5 ಸಾಕು, ಹೊರಗಿನ ಕಿಟಕಿಗೆ 15 ಇರಲಿ, ಕಡಲ ತೀರಕ್ಕೆ 25. ಎರಡನೆಯ ಪ್ರಶ್ನೆ ಸೀಲಿಂಗಿನದು. ಪ್ರಯೋಗಾಲಯದಲ್ಲಿ ಇದನ್ನು ಆಮ್ಲದಲ್ಲಿ ಅದ್ದಿ ಎಷ್ಟು ತೂಕ ಕಳೆದುಕೊಂಡಿತು ಎಂದು ಅಳೆಯುತ್ತಾರೆ. 100 ಚದರ ಸೆಂಟಿಮೀಟರ್ ಮೈಗೆ 30 ಮಿಲಿಗ್ರಾಂ ದಾಟಿದರೆ ಅನುತ್ತೀರ್ಣ. ಅಂಗಡಿಯಲ್ಲಿ ಅಷ್ಟೆಲ್ಲ ಆಗದು. ಹೊಸ ಸೆಕ್ಷನ್ನಿನ ತುಂಡೊಂದರ ಮೇಲೆ ಪೆನ್ನಿನ ಶಾಯಿಯ ಹನಿ ಇಟ್ಟು, ಐದು ನಿಮಿಷ ಬಿಟ್ಟು, ಒದ್ದೆ ಬಟ್ಟೆಯಿಂದ ಒರೆಸಿ ನೋಡಬಹುದು. ಸೀಲ್ ಆದ ಮೈ ಹನಿಯನ್ನು ಬಿಟ್ಟುಕೊಡುತ್ತದೆ, ಆಗದ ಮೈ ಕುಡಿದುಬಿಟ್ಟಿರುತ್ತದೆ. ಒರಟು ಪರೀಕ್ಷೆ, ಆದರೆ ದೊಡ್ಡ ಕಳ್ಳತನ ಹಿಡಿಯಲು ಸಾಕು.

ಕುಡಿದದ್ದು ಸಣ್ಣ ನಾಮಫಲಕವಾಗಿದ್ದರೆ ಮನೆಯಲ್ಲೇ ಉಪಾಯವಿದೆ. ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯಲ್ಲಿ ಸಿಗುವ ಬ್ಯಾಟರಿ ನೀರು ಎರಡು ಕ್ಯಾನ್, ಫಲಕ ಮುಳುಗುವಷ್ಟು ದೊಡ್ಡ ಸ್ಟೀಲ್ ಪಾತ್ರೆ, ಮುಕ್ಕಾಲು ಗಂಟೆಯ ಒಲೆ. ಪಾತ್ರೆ ಜರ್ಮನ್ನಿನದಾಗಬಾರದು, ನೀರು ನಲ್ಲಿಯದಾಗಬಾರದು, ಕುದಿ ನಡುವೆ ನಿಲ್ಲಬಾರದು. ನನ್ನ ಎರಡನೆಯ ನಾಮಫಲಕ ಹೀಗೆ ಬೆಂದದ್ದು. ಈ ಸಲ ಕಂದು ಬಣ್ಣ. ಸುಣ್ಣ ಬಳಿಯುವವರು ಬಂದ ದಿನ ಅದನ್ನು ಬಿಚ್ಚಿ ಒಳಗಿಡುತ್ತೇನೆ.